ವೆಸ್ಟ್ ಎಂಡ್ ಹೋಟೆಲಿನ 20 ಎಕರೆ ಉಳಿದದ್ದು ಹೇಗೆ?

ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಲ್ಲಿ ದಿನಾ ಓಡಾಡುವ ಎಷ್ಟೋ ಜನ ವೆಸ್ಟ್ ಎಂಡ್ ಹೋಟೆಲಿನ ಗೇಟು ನೋಡಿರುತ್ತಾರೆ, ಹೋಟೆಲು ನೋಡಿರುವುದಿಲ್ಲ. ಕಾಂಪೌಂಡು, ಅದರಾಚೆ ಮರ, ಮರದಾಚೆ ಇನ್ನಷ್ಟು ಮರ. (ಈ ರಸ್ತೆಗೆ 2023ರಲ್ಲಿ ಅಂಬರೀಶ್ ಹೆಸರಿಟ್ಟಿದ್ದಾರೆ. ಆಟೋದವರಿಗೆ ಹೇಳುವಾಗ ಈಗಲೂ ರೇಸ್ ಕೋರ್ಸ್ ರಸ್ತೆಯೇ, ಅಲ್ವಾ?) ಒಳಗಿರುವುದು ಸುಮಾರು 20 ಎಕರೆ ಜಾಗ, 117 ಕೋಣೆ. ಬೆಂಗಳೂರಿಗರ ಲೆಕ್ಕದಲ್ಲಿ ಹೇಳುವುದಾದರೆ, ರಸ್ತೆಗೆ ಒಂದಿಂಚೂ ಬಿಡದೆ ಹಂಚಿದರೆ 30-40 ಅಡಿಯ 726 ಸೈಟು! ಊರ ನಡುವೆ ಇಷ್ಟು ಜಾಗ ಯಾರ ಕೈಗೂ ಸಿಕ್ಕಿ ಚೂರಾಗದೆ ಉಳಿಯಿತಲ್ಲ, ಅದೇ ಈ ಹೋಟೆಲಿನ ನಿಜವಾದ ಕತೆ.

ಶುರುವಾದದ್ದು 1887ರಲ್ಲಿ. ಬ್ರಾನ್ಸನ್ ಎಂಬ ಮಹಿಳೆ ಇಲ್ಲಿ ಹತ್ತು ಕೋಣೆಗಳ ಬೋರ್ಡಿಂಗ್ ಹೌಸ್ ತೆರೆದರು. ಆಗ ಬೆಂಗಳೂರು ಒಂದೇ ಊರಾಗಿರಲಿಲ್ಲ. ಒಂದು ಕಡೆ ಪೇಟೆ, ಇನ್ನೊಂದು ಕಡೆ 1809ರಲ್ಲಿ ಬ್ರಿಟಿಷರು ಕಟ್ಟಿಕೊಂಡ ದಂಡು, ಅಂದರೆ ಕಂಟೋನ್ಮೆಂಟ್. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ವಾಪಸು ಬಂತು, ದಂಡು ಮಾತ್ರ ಬ್ರಿಟಿಷರ ಬಳಿಯೇ ಉಳಿಯಿತು. ಸೈನ್ಯದ ಅಧಿಕಾರಿಗಳು, ಅವರ ಮನೆಯವರು, ಮದ್ರಾಸಿನ ಸೆಕೆ ತಾಳಲಾರದೆ ಬರುವವರು ಇವರಿಗೆಲ್ಲ ತಂಗಲು ಜಾಗ ಬೇಕಿತ್ತು. ಈ ಹೋಟೆಲಿರುವ ಹೈ ಗ್ರೌಂಡ್ಸ್ ಎತ್ತರದ ಜಾಗ, ಗಾಳಿ ಚೆನ್ನಾಗಿತ್ತು. 1876ರ ಗಾಲ್ಫ್ ಕ್ಲಬ್ಬೂ ಪಕ್ಕದಲ್ಲೇ.

ಹಳೆ ಹೋಟೆಲು ಅಂದ ಕೂಡಲೇ ಚರ್ಚಿಲ್ ಹೆಸರು ಬರಲೇಬೇಕು. ಇಲ್ಲೂ ಬರುತ್ತದೆ. 1896ರಲ್ಲಿ ಸೈನ್ಯದ ಕೆಲಸಕ್ಕೆ ಬೆಂಗಳೂರಿಗೆ ಬಂದ ಆ ತರುಣ ಗೆಳೆಯರ ಜೊತೆ ಬಂಗಲೆ ಮಾಡಿಕೊಂಡು, ಗುಲಾಬಿ ಬೆಳೆಸುತ್ತ ಇದ್ದರು. ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ ಲೆಕ್ಕ ಇನ್ನೂ ಅಲ್ಲಿನ ಪುಸ್ತಕದಲ್ಲಿದೆ. ನನಗಂತೂ ಚರ್ಚಿಲ್‌ಗಿಂತ ಬ್ರಾನ್ಸನ್ ಬಗ್ಗೆ ಕುತೂಹಲ ಜಾಸ್ತಿ. ಆ ಕಾಲದಲ್ಲಿ ಒಬ್ಬ ಹೆಂಗಸು ತನ್ನ ಹೆಸರಲ್ಲೇ ವ್ಯಾಪಾರ ನಡೆಸಿದ್ದು ಸಣ್ಣ ಮಾತಲ್ಲ.

1912ರಲ್ಲಿ ಮದ್ರಾಸಿನ ಸ್ಪೆನ್ಸರ್ಸ್ ಕಂಪನಿ ಇದನ್ನು ಕೊಂಡಿತು. ಮೌಂಟ್ ರೋಡಿನ ದೊಡ್ಡ ಅಂಗಡಿಯ ಅದೇ ಸ್ಪೆನ್ಸರ್ಸ್. ಮದ್ರಾಸಿನ ಕನ್ನೆಮರಾ ಹೋಟೆಲು ಆಗಲೇ ಅವರ ಬಳಿ ಇತ್ತು. ಬೋರ್ಡಿಂಗ್ ಹೌಸ್ ಪೂರ್ತಿ ಪ್ರಮಾಣದ ಹೋಟೆಲಾಗಿ ಬೆಳೆದದ್ದು ಇವರ ಕೈಯಲ್ಲಿ.

ಬೆಳೆದರೂ ಅದು ಬಂಗಲೆಯ ರೀತಿ ಬಿಡಲಿಲ್ಲ. ದಂಡಿನ ಬಂಗಲೆಗೆ ಅದರದ್ದೇ ಲೆಕ್ಕಾಚಾರ ಇತ್ತು. ಕಾಂಪೌಂಡಿನ ನಡುವೆ ಮನೆ, ಸುತ್ತ ತೋಟ. ಮುಂದೆ ಗಾಡಿ ಬಂದು ನಿಲ್ಲಲು ಪೋರ್ಟಿಕೋ, ಆಮೇಲೆ ಆಳವಾದ ವರಾಂಡ. ಬಿಸಿಲು ವರಾಂಡದಲ್ಲೇ ನಿಂತುಬಿಡುತ್ತದೆ, ಕೋಣೆಯ ಗೋಡೆ ಕಾಯುವುದಿಲ್ಲ. ಇಳಿಜಾರು ಚಾವಣಿಗೆ ಮಂಗಳೂರು ಹೆಂಚು. ಹೆಂಚಿನ ಸಂದುಗಳಿಂದ ಬಿಸಿಗಾಳಿ ಮೇಲೆ ಹೋಗುತ್ತದೆ, ಮಳೆನೀರು ಸರ್ರನೆ ಇಳಿಯುತ್ತದೆ. ಕಿಟಕಿಗಳ ಮೇಲೆ ಬೆಂಗಳೂರಿನದೇ ಗುರುತಾದ ಮಂಕಿ ಟಾಪ್: ಮರದ ಪಟ್ಟಿ ಜೋಡಿಸಿದ ಚೂಪು ಮುಂಚಾಚು. ನೋಡಲು ಬರೀ ಅಲಂಕಾರ ಅನ್ನಿಸಬಹುದು. ಆದರೆ ಓರೆಮಳೆ ಒಳಗೆ ಹೊಡೆಯದ ಹಾಗೆ, ಗಾಳಿ ಬೆಳಕು ನಿಲ್ಲದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಫ್ಯಾನು, ಏಸಿ ಇಲ್ಲದ ಕಾಲದ ಜಾಣತನ ಇದು.

ಇಂಥ ಕಟ್ಟಡಕ್ಕೆ ತೋಟ ತೀರಾ ಮುಖ್ಯ. ಸುತ್ತಲಿನ ಮರ ಕಡಿದರೆ ವರಾಂಡಕ್ಕೆ ಬರುವ ಗಾಳಿಯೇ ಬಿಸಿಯಾಗುತ್ತದೆ. ವೆಸ್ಟ್ ಎಂಡ್‌ನಲ್ಲಿ ಹೆಸರುವಾಸಿಯಾದ ಮಳೆಮರವೊಂದಿದೆ, ಹೋಟೆಲಿಗಿಂತ ಹಳೆಯದು ಎನ್ನುತ್ತಾರೆ.

1984ರಲ್ಲಿ ಹೋಟೆಲು ತಾಜ್ ಗುಂಪಿನ ಕೈಗೆ ಬಂತು. ಕನ್ನೆಮರಾ, ಊಟಿಯ ಸವಾಯ್ ಕೂಡ ಅದೇ ವರ್ಷ. ಹೊಸ ಕಟ್ಟಡಗಳೂ ಎದ್ದವು, ಆದರೆ ತಗ್ಗಾಗಿಯೇ, ಮರಗಳ ನಡುವೆ ಅಲ್ಲಲ್ಲಿ ಬಿಡಿಬಿಡಿಯಾಗಿ. ಕೆಲವು ಭಾಗ ಹಳೆಯದರ ಹಾಗೆ ಕಾಣುವ ಹೊಸತು ಅನ್ನುವುದು ಗಮನವಿಟ್ಟು ನೋಡಿದರೆ ತಿಳಿಯುತ್ತದೆ. ಅದರಲ್ಲಿ ನನಗೇನೂ ತಕರಾರಿಲ್ಲ.

ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲು ನೆನಪಿದೆಯಾ? ಅದೂ ಬ್ರಿಟಿಷರ ಕಾಲದ ಬಂಗಲೆ, ಅದಕ್ಕೂ ಮರ, ತೋಟ ಇತ್ತು. ಈ ಶತಮಾನದ ಶುರುವಿನಲ್ಲಿ ಅದನ್ನು ಕೆಡವಿ ಮಾಲ್ ಕಟ್ಟಿದರು. ದಂಡಿನ ಎಷ್ಟೋ ಬಂಗಲೆಗಳು ಅಣ್ಣತಮ್ಮಂದಿರ ಪಾಲಾಗಿ, ಆಮೇಲೆ ಬಿಲ್ಡರುಗಳ ಪಾಲಾದವು. ವೆಸ್ಟ್ ಎಂಡ್ ಯಾರದೋ ಮನೆಯ ಆಸ್ತಿಯಾಗಿ ಪಾಲಾಗಲಿಲ್ಲ. ಕೈ ಬದಲಾದಾಗಲೆಲ್ಲ ನಡೆಯುತ್ತಿರುವ ಹೋಟೆಲಾಗಿಯೇ ಇಡಿಯಾಗಿ ಬದಲಾಯಿತು. ಜೊತೆಗೆ ಇಲ್ಲಿ ದುಡ್ಡು ಕೊಟ್ಟು ಬರುವವರು ಬಯಸುವುದೇ ಆ ನೆರಳನ್ನು. ಅಂದರೆ ಇಲ್ಲಿ ಮರ ಉಳಿಸಿದ್ದು ಪ್ರೀತಿಗಿಂತ ಹೆಚ್ಚಾಗಿ ವ್ಯಾಪಾರ. ದುಡ್ಡಿಲ್ಲದವರಿಗೆ ಆ 20 ಎಕರೆಯ ನೆರಳು ಕಾಂಪೌಂಡಿನಾಚೆ ಚಾಚಿದಷ್ಟೇ ಸಿಗುತ್ತದೆ ಅನ್ನುವುದೂ ನಿಜ.