ಸದನ ಸಮಿತಿ ಕರೆದರೆ ಹೋಗಲೇಬೇಕೇ?

“ಸರ್, ಇದಕ್ಕೆ ನಿರೀಕ್ಷಣಾ ಜಾಮೀನು ತೆಗೆದುಕೊಳ್ಳಬೇಕೇ?” ರಸ್ತೆ ಕಾಮಗಾರಿಯ ಗುತ್ತಿಗೆದಾರರೊಬ್ಬರು ನನ್ನ ಮೇಜಿನ ಮೇಲೆ ಒಂದು ಪತ್ರವಿಟ್ಟು ಕೇಳಿದ ಪ್ರಶ್ನೆ ಇದು. ವಿಧಾನಮಂಡಲದ ಸಮಿತಿಯೊಂದು ಇಂಥ ದಿನ, ಇಂಥ ಸಮಯಕ್ಕೆ ದಾಖಲೆಗಳೊಂದಿಗೆ ಖುದ್ದಾಗಿ ಹಾಜರಾಗುವಂತೆ ಅವರಿಗೆ ಸೂಚಿಸಿತ್ತು. ಅವರು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಕಕ್ಷಿದಾರರನ್ನೂ ನೋಡಿದ್ದೇನೆ. ಕಂಪನಿಯೊಂದರ ಹಿರಿಯ ವ್ಯವಸ್ಥಾಪಕರು ಅಂಥದೇ ಪತ್ರವನ್ನು ಕಡತಕ್ಕೆ ಸೇರಿಸಿ ಮರೆತಿದ್ದರು. “ಇವರೇನು ನ್ಯಾಯಾಲಯವೇ? ಶಾಸಕರು ತಾನೇ?” ಎಂಬುದು ಅವರ ವಾದ. ಹೆದರಿದವರಿಗೆ ಸಮಾಧಾನ ಹೇಳುವುದು ಸುಲಭ. ಹೆದರದವರನ್ನು ಕಂಡರೆ ನನಗೆ ಹೆದರಿಕೆ.

ಈ ಅಧಿಕಾರ ಎಲ್ಲಿಂದ ಬಂತು? ವಿಚಾರಣಾ ಆಯೋಗವೊಂದು ಸಮನ್ಸ್ ಕಳುಹಿಸಿದರೆ ಅದರ ಹಿಂದೆ 1952ರ ಕಾಯಿದೆ ಇರುತ್ತದೆ. ಸಾಕ್ಷಿಯನ್ನು ಕರೆಸುವ ವಿಷಯದಲ್ಲಿ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ ಎಂದು ಅಲ್ಲಿ ಬರೆದೇ ಇದೆ. ಸದನ ಸಮಿತಿಯ ಬೇರು ಇನ್ನೂ ಆಳದ್ದು, ಅಷ್ಟೇ ಮಬ್ಬಾದದ್ದು. ಸಂವಿಧಾನದ 194ನೇ ವಿಧಿಯ ಮೂರನೇ ಖಂಡದ ಪ್ರಕಾರ ರಾಜ್ಯ ಶಾಸಕಾಂಗದ ಸದನಗಳ ಹಾಗೂ ಅವುಗಳ ಸಮಿತಿಗಳ ಅಧಿಕಾರ, ವಿಶೇಷ ಹಕ್ಕುಗಳನ್ನು ಶಾಸಕಾಂಗವೇ ಕಾನೂನು ಮಾಡಿ ನಿರೂಪಿಸಬೇಕು. ಅಲ್ಲಿಯವರೆಗೆ ಹಿಂದೆ ಇದ್ದದ್ದೇ ಮುಂದುವರಿಯುತ್ತದೆ. ‘ಹಿಂದೆ ಇದ್ದದ್ದು’ ಎಂದರೆ 1950ರ ಜನವರಿ 26ರಂದು ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ಗೆ ಇದ್ದ ಅಧಿಕಾರ. 44ನೇ ತಿದ್ದುಪಡಿ ಆ ಹೆಸರನ್ನು ತೆಗೆದುಹಾಕಿತೇ ಹೊರತು ಸಾರವನ್ನು ಬದಲಿಸಲಿಲ್ಲ. ಸಮಗ್ರ ಕಾನೂನು ಬರಲೇ ಇಲ್ಲ. ತಾತ್ಕಾಲಿಕವೆಂದು ಕಟ್ಟಿದ ಚಪ್ಪರದಲ್ಲಿ ಏಳು ದಶಕಗಳಿಂದ ಸಂಸಾರ ನಡೆಯುತ್ತಿದೆ.

ಕಾರ್ಯವಿಧಾನಕ್ಕೆ ಮಾತ್ರ 208ನೇ ವಿಧಿಯಡಿ ಸದನಗಳು ನಿಯಮ ಮಾಡಿಕೊಂಡಿವೆ. ಲೋಕಸಭೆಯ ನಿಯಮಗಳಂತೆ ಸಾಕ್ಷಿಯನ್ನು ಕರೆಸುವ ಆದೇಶಕ್ಕೆ ಮಹಾಕಾರ್ಯದರ್ಶಿಯ ಸಹಿ ಬೇಕು. ಕೇಳಿದ ದಾಖಲೆ ವಿಷಯಕ್ಕೆ ಸಂಬಂಧಿಸಿದ್ದೇ ಎಂಬ ತಕರಾರು ಎದ್ದರೆ ತೀರ್ಮಾನ ಸಭಾಧ್ಯಕ್ಷರದು. ರಾಜ್ಯದ ಸುರಕ್ಷತೆಗೆ ಅಥವಾ ಹಿತಕ್ಕೆ ಧಕ್ಕೆಯಾಗುತ್ತದೆ ಎಂದಾದರೆ ಸರ್ಕಾರ ದಾಖಲೆ ಕೊಡದಿರಬಹುದು. ಆ ಸವಲತ್ತು ಸರ್ಕಾರಕ್ಕೆ, ಗುತ್ತಿಗೆದಾರರಿಗಲ್ಲ. ರಾಜ್ಯಗಳ ನಿಯಮಗಳೂ ಬಹುಮಟ್ಟಿಗೆ ಇದೇ ಅಚ್ಚಿನವು.

ಸದಸ್ಯರಲ್ಲದ, ಸರ್ಕಾರಿ ನೌಕರರೂ ಅಲ್ಲದ ಖಾಸಗಿ ವ್ಯಕ್ತಿಯನ್ನು ಕರೆಸಬಹುದೇ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ದೆಹಲಿಯ ಪ್ರಕರಣವೊಂದರಲ್ಲಿ. 2020ರ ಫೆಬ್ರುವರಿಯ ಗಲಭೆಯ ನಂತರ ದೆಹಲಿ ವಿಧಾನಸಭೆ ಶಾಂತಿ ಮತ್ತು ಸೌಹಾರ್ದ ಸಮಿತಿಯನ್ನು ರಚಿಸಿತು. ಆ ಸಮಿತಿ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಇಂಡಿಯಾದ ಆಗಿನ ಮುಖ್ಯಸ್ಥ ಅಜಿತ್ ಮೋಹನ್ ಅವರಿಗೆ ಸಮನ್ಸ್ ಕಳುಹಿಸಿತು. ಅವರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ದೆಹಲಿ ಪೊಲೀಸರು ಕೇಂದ್ರದ ಅಧೀನದವರು, ಸಾಮಾಜಿಕ ಜಾಲತಾಣಗಳ ನಿಯಂತ್ರಣವೂ ಕೇಂದ್ರದ್ದು, ಅದೂ ಅಲ್ಲದೆ ಮೌನವಾಗಿರುವ ಹಕ್ಕು ನನಗಿದೆ ಎಂಬುದು ಅವರ ವಾದವಾಗಿತ್ತು.

2021ರ ಜುಲೈ 8ರ ತೀರ್ಪು ನನ್ನ ಮಟ್ಟಿಗೆ ಈ ವಿಷಯದ ಕೈಪಿಡಿ. ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ನೇತೃತ್ವದ ಪೀಠ ಅರ್ಜಿಯನ್ನು ಅವಧಿಪೂರ್ವವೆಂದು ವಜಾ ಮಾಡಿತು: ಕರೆದದ್ದಷ್ಟೇ ಆಗಿದೆ, ಹೋಗುವ ಮೊದಲೇ ಹಕ್ಕು ಉಲ್ಲಂಘನೆಯಾಯಿತೆಂದರೆ ಹೇಗೆ? ಶಾಸನಸಭೆಯ ಕೆಲಸ ಕಾನೂನು ಮಾಡುವುದಕ್ಕೆ ಸೀಮಿತವಲ್ಲ, ವಿಷಯವನ್ನು ತಿಳಿದುಕೊಳ್ಳುವುದೂ ಅದರ ಕೆಲಸ, ಅದಕ್ಕಾಗಿ ಹೊರಗಿನವರನ್ನೂ ಕರೆಸಬಹುದು ಎಂದಿತು. ಆದರೆ ಅದೇ ಉಸಿರಿನಲ್ಲಿ ಬೇಲಿಯನ್ನೂ ಹಾಕಿತು. ದೆಹಲಿ ವಿಧಾನಸಭೆಯ ವ್ಯಾಪ್ತಿಗೆ ಬಾರದ ಪೊಲೀಸ್, ಕಾನೂನು ಸುವ್ಯವಸ್ಥೆಯ ಬಗೆಗಿನ ಪ್ರಶ್ನೆಗಳಿಗೆ ಸಾಕ್ಷಿ ಉತ್ತರಿಸಲು ನಿರಾಕರಿಸಬಹುದು. ಸಮಿತಿ ತನಿಖಾ ಸಂಸ್ಥೆಯ ವೇಷ ತೊಟ್ಟು ಆರೋಪಿಗಳನ್ನು ಗುರುತಿಸಲು ಹೊರಡಬಾರದು. ಯಾರನ್ನು ಬೇಕಾದರೂ ಕರೆಯಬಹುದು, ಏನನ್ನು ಬೇಕಾದರೂ ಕೇಳುವಂತಿಲ್ಲ.

ಹೀಗಾಗಿ ಪತ್ರ ಹಿಡಿದು ಬಂದವರಿಗೆ ನಾನು ಮೊದಲು ಕೇಳುವುದು ಸಮಿತಿಗೆ ಸದನ ಒಪ್ಪಿಸಿದ ಪರಿಶೀಲನಾ ವಿಷಯವೇನು ಎಂದು. ಕರ್ನಾಟಕದಲ್ಲಿ ದೆಹಲಿಯ ಬೇಲಿ ಹಾಗೆಯೇ ಅನ್ವಯಿಸುವುದಿಲ್ಲ. ಇಲ್ಲಿ ಪೊಲೀಸ್ ಇಲಾಖೆ ರಾಜ್ಯದ್ದೇ. ಭೂ ಒತ್ತುವರಿ, ಕೆರೆ, ನೈಸ್ ರಸ್ತೆ ಇವುಗಳ ಕುರಿತು ನಮ್ಮ ಸದನ ಸಮಿತಿಗಳು ನಡೆಸಿದ ವಿಚಾರಣೆಗಳ ವಸ್ತುವೂ ಬಹುಪಾಲು ರಾಜ್ಯದ್ದೇ. ರೈಲ್ವೆ, ರಕ್ಷಣೆ, ಬ್ಯಾಂಕಿಂಗ್ ಕಡೆಗೆ ಪ್ರಶ್ನೆ ಹೊರಳಿದಾಗ ಮಾತ್ರ ಸಂವಿಧಾನ ಕೇಂದ್ರಕ್ಕೆ ಬಿಟ್ಟುಕೊಟ್ಟ ವಿಷಯಗಳ ಪಟ್ಟಿಯನ್ನು (ಕೇಂದ್ರ ಪಟ್ಟಿ) ನೆನಪಿಸಬಹುದು, ಅದೂ ವಿನಯದಿಂದ.

ಹೋಗದಿದ್ದರೆ? ಸಮಿತಿ ತಾನೇ ಶಿಕ್ಷಿಸುವುದಿಲ್ಲ, ಸದನಕ್ಕೆ ವರದಿ ಮಾಡುತ್ತದೆ. ವಿಷಯ ಹಕ್ಕುಬಾಧ್ಯತಾ ಸಮಿತಿಗೆ, ಅಂದರೆ ಸದನದ ವಿಶೇಷ ಹಕ್ಕುಗಳ ಉಲ್ಲಂಘನೆಯನ್ನು (ಹಕ್ಕುಚ್ಯುತಿ) ಪರಿಶೀಲಿಸುವ ಸಮಿತಿಗೆ ಹೋಗಬಹುದು. ಸದನ ವಾಗ್ದಂಡನೆ ವಿಧಿಸಬಹುದು, ಜೈಲಿಗೂ ಕಳುಹಿಸಬಹುದು. ಸಮನ್ಸ್ ವಿಷಯವಲ್ಲದಿದ್ದರೂ ಹಕ್ಕುಚ್ಯುತಿಯ ಬಿಸಿ ಎಷ್ಟೆಂಬುದನ್ನು ನಾವು 2017ರ ಜೂನ್‌ನಲ್ಲಿ ನೋಡಿದ್ದೇವೆ. ಇಬ್ಬರು ಪತ್ರಕರ್ತರಿಗೆ ಕರ್ನಾಟಕ ವಿಧಾನಸಭೆ ಒಂದು ವರ್ಷದ ಸೆರೆವಾಸ ವಿಧಿಸಿತ್ತು. ಕಾಮನ್ಸ್‌ನಲ್ಲಿ ಅಧಿವೇಶನ ಮುಕ್ತಾಯವಾದರೆ ಸೆರೆವಾಸವೂ ಮುಗಿಯುತ್ತದೆ. ಅಧಿಕಾರವನ್ನು ಅಲ್ಲಿಂದ ತಂದವರು ಮಿತಿಯನ್ನು ಅಲ್ಲೇ ಬಿಟ್ಟು ಬರುವುದು ನನಗೆ ಒಪ್ಪಿಗೆಯಿಲ್ಲ.

ನ್ಯಾಯಾಲಯಕ್ಕೆ ಬಾಗಿಲು ಮುಚ್ಚಿಲ್ಲ. 1964ರಲ್ಲಿ ಉತ್ತರ ಪ್ರದೇಶ ವಿಧಾನಸಭೆ ಕೇಶವ್ ಸಿಂಗ್ ಎಂಬವರನ್ನು ಏಳು ದಿನ ಜೈಲಿಗೆ ಕಳುಹಿಸಿತು. ಅಲಹಾಬಾದ್ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಜಾಮೀನು ಕೊಟ್ಟರು. ವಿಧಾನಸಭೆ ಆ ನ್ಯಾಯಮೂರ್ತಿಗಳನ್ನೇ ಬಂಧಿಸಿ ತರುವಂತೆ ಆದೇಶಿಸಿತು. ಅರ್ಜಿ ಹಾಕಿದ ವಕೀಲರನ್ನೂ ಬಿಡಲಿಲ್ಲ. (ವಕೀಲನಾಗಿ ಈ ಭಾಗ ಓದುವಾಗಲೆಲ್ಲ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತೇನೆ.) ಹೈಕೋರ್ಟಿನ 28 ನ್ಯಾಯಮೂರ್ತಿಗಳು ಒಟ್ಟಾಗಿ ಕುಳಿತು ತಡೆ ನೀಡಿದರು. ವಿಷಯ ರಾಷ್ಟ್ರಪತಿಯವರ ಮೂಲಕ ಸುಪ್ರೀಂ ಕೋರ್ಟಿಗೆ ಹೋಯಿತು. ಸದನದ ಶಿಕ್ಷೆಯನ್ನು ಪ್ರಶ್ನಿಸಿದ ಪ್ರಜೆಯ ಅರ್ಜಿಯನ್ನು ಹೈಕೋರ್ಟ್ ಆಲಿಸಬಹುದು ಎಂದು ಬಹುಮತದ ಅಭಿಪ್ರಾಯ ಬಂತು. ಆದರೆ ಹಾಜರಾಗದೇ ಕೋರ್ಟಿಗೆ ಓಡುವವರಿಗೆ ದೆಹಲಿಯ ತೀರ್ಪು ಅಡ್ಡ ಬರುತ್ತದೆ.

ಇನ್ನು ಕೊಠಡಿಯೊಳಗಿನ ಮಾತು. ಪ್ರಮಾಣ ಬೋಧಿಸಬಹುದು. ವಕೀಲರು ಜೊತೆಗಿರಬೇಕಾದರೆ ಮೊದಲೇ ಅನುಮತಿ ಕೇಳಬೇಕು, ಅದು ಹಕ್ಕಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವುದು ತಪ್ಪಲ್ಲ, ಸುಳ್ಳು ಹೇಳುವುದು ತಪ್ಪು. ಕ್ರಿಮಿನಲ್ ಪ್ರಕರಣ ಬಾಕಿಯಿದ್ದರೆ ಅದನ್ನು ಮುಂಚೆಯೇ ಲಿಖಿತವಾಗಿ ತಿಳಿಸಿಬಿಡಬೇಕು. ಹೊರಬಂದ ಕೂಡಲೇ ಟಿವಿ ಕ್ಯಾಮೆರಾ ಮುಂದೆ ಒಳಗಿನದ್ದನ್ನು ಒದರುವುದು ಎಲ್ಲಕ್ಕಿಂತ ದೊಡ್ಡ ಮೂರ್ಖತನ. ವರದಿ ಸದನದಲ್ಲಿ ಮಂಡನೆಯಾಗುವವರೆಗೆ ಸಾಕ್ಷ್ಯ ಸಮಿತಿಯ ಸ್ವತ್ತು. ಅಧಿಕಾರಿಗಳಿಗೆ ಇನ್ನೊಂದು ಚಾಳಿಯಿದೆ: ತಾವು ಬಾರದೆ ಕೈಕೆಳಗಿನವರನ್ನು ಕಳುಹಿಸುವುದು. ಪಾಪ, ಆ ಕಿರಿಯ ಅಧಿಕಾರಿ ಬೈಗುಳ ತಿಂದು, ಹೊಸ ದಿನಾಂಕ ಹೊತ್ತು ವಾಪಸು ಬರುತ್ತಾರೆ.

ಗುತ್ತಿಗೆದಾರರಿಗೆ ಜಾಮೀನು ಬೇಡ, ಬಿಲ್ಲುಗಳು ಮತ್ತು ಕಾರ್ಯಾದೇಶದ ಪ್ರತಿಗಳನ್ನು ಕ್ರಮವಾಗಿ ಜೋಡಿಸಿಕೊಳ್ಳಿ ಎಂದೆ. ಒಳಗೆ ಅವರಿದ್ದದ್ದು ಇಪ್ಪತ್ತು ನಿಮಿಷ. ಕೊನೆಗೆ ಅಧ್ಯಕ್ಷರು ಕಾಮಗಾರಿಯ ಅಳತೆಗಳನ್ನು ಬರೆದಿಡುವ ಅಳತೆ ಪುಸ್ತಕ ಎಲ್ಲಿದೆ ಎಂದು ಕೇಳಿದರಂತೆ. ಅದು ಇಲಾಖೆಯಲ್ಲಿರುತ್ತದೆ, ನನ್ನಲ್ಲಿಲ್ಲ ಎಂದು ಇವರು ಉತ್ತರಿಸಿದರು. ಮುಂದಿನ ಸಭೆಗೆ ಪತ್ರ ಹೋದದ್ದು ಕಾರ್ಯಪಾಲಕ ಎಂಜಿನಿಯರ್ ಹೆಸರಿಗೆ.