ನೂರಾಹದಿನೈದಾದರೂ ಅರಳು ಮರಳಾಗದ ಅಜ್ಜಿ

ಅರವತ್ತಕ್ಕೆ ಅರಳು ಮರಳು ಅಂತ ಗಾದೆಯೇ ಇದೆ. ವಯಸ್ಸಾದ ಮೇಲೆ ಬುದ್ಧಿ ಮಂಕಾಗೋದು ಸಹಜ ಅಂತ ನಾವೆಲ್ಲ ನಂಬಿಬಿಟ್ಟಿದ್ದೇವೆ. ಜಾಸ್ತಿ ವರ್ಷ ಬದುಕಿದರೆ ಮರೆವಿನ ಕಾಯಿಲೆ ಅಲ್ಜೈಮರ್ ಯಾರನ್ನೂ ಬಿಡುವುದಿಲ್ಲ ಎಂದು ವಿಜ್ಞಾನಿಗಳಲ್ಲೂ ಹಲವರು ಅಂದುಕೊಂಡಿದ್ದರು. ಆ ನಂಬಿಕೆಯನ್ನು ಅಲ್ಲಾಡಿಸಿದ್ದು ನೆದರ್‌ಲ್ಯಾಂಡ್ಸ್‌ನ ಒಬ್ಬ ಅಜ್ಜಿ.

ಹೆಸರು ಹೆಂಡ್ರಿಕ್ಯೆ ವಾನ್ ಆಂಡೆಲ್-ಸ್ಖಿಪರ್. ಹುಟ್ಟಿದ್ದು 1890ರ ಜೂನ್ 29ರಂದು, ದಿನ ತುಂಬುವ ಮೊದಲೇ. ಆ ಕಾಲದಲ್ಲಿ ಅಂಥ ಕೂಸು ಉಳಿಯುವುದೇ ಕಷ್ಟ. ಈಕೆ 115 ವರ್ಷ ಬದುಕಿದರು.

82ನೇ ವಯಸ್ಸಿನಲ್ಲಿ ಅಜ್ಜಿ ದೇಹದಾನಕ್ಕೆ ಬರೆದುಕೊಟ್ಟರು. ಸತ್ತ ಮೇಲೆ ದೇಹ ಖ್ರೋನಿಂಗನ್ ವಿಶ್ವವಿದ್ಯಾಲಯಕ್ಕೆ. ವರ್ಷಗಳು ಉರುಳಿದವು, ಸಾವು ಬರಲೇ ಇಲ್ಲ. 111 ತುಂಬಿದಾಗ ಅವರಿಗೇ ಚಿಂತೆ ಹತ್ತಿತು. ಇಷ್ಟು ಹಳೆಯ ದೇಹ ಯಾರಿಗಾದರೂ ಉಪಯೋಗಕ್ಕೆ ಬರುತ್ತದಾ? ತಾವೇ ವಿಶ್ವವಿದ್ಯಾಲಯದವರನ್ನು ಸಂಪರ್ಕಿಸಿ ಕೇಳಿದರು. ಈ ಕಥೆಯಲ್ಲಿ ನನ್ನ ಮನಸ್ಸಿಗೆ ತುಂಬ ಹತ್ತಿರವಾದದ್ದು ಇದೇ. ತಮ್ಮ ಆಯುಸ್ಸಿನ ಬಗ್ಗೆ ಅಲ್ಲ, ಕೊಟ್ಟ ಮಾತಿನ ಬಗ್ಗೆ ಚಿಂತೆ!

ಅಜ್ಜಿಯನ್ನು ನೋಡಲು ನರವಿಜ್ಞಾನಿ ಖೆರ್ಟ್ ಹೋಲ್ಸ್ಟೆಖೆ ಹೋದರು. ಅಲ್ಲಿದ್ದದ್ದು ಚುರುಕಿನ ಮಾತುಗಾತಿ. ರಾಜಕೀಯ ಬೇಕು, ಆಟೋಟ ಬೇಕು. ಆಯಾಕ್ಸ್ ಫುಟ್‌ಬಾಲ್ ತಂಡ ಅಂದರೆ ಪ್ರಾಣ. ನಮ್ಮ ಕಡೆ ಜಗಲಿ ಮೇಲೆ ಕೂತು ಹೋಗೋರು ಬರೋರನ್ನೆಲ್ಲ ಮಾತಾಡಿಸುವ ಅಜ್ಜಿಯರಿರುತ್ತಾರಲ್ಲ, ಹಾಗೆ. 112 ಮತ್ತು 113ನೇ ವಯಸ್ಸಿನಲ್ಲಿ ನೆನಪಿನ ಶಕ್ತಿ, ಗಮನದ ಪರೀಕ್ಷೆಗಳಾದವು. ಒಟ್ಟಾರೆ ಫಲಿತಾಂಶ 60ರಿಂದ 75 ವರ್ಷದ ಆರೋಗ್ಯವಂತರ ಸರಾಸರಿಗಿಂತ ಮೇಲಿತ್ತು.

ಬಂದವರೆಲ್ಲ ಗುಟ್ಟೇನು ಅಂತ ಕೇಳುತ್ತಿದ್ದರು. ದಿನಾ ಒಂದು ಹೆರಿಂಗ್ ಮೀನು ಅನ್ನುತ್ತಿದ್ದರು ಅಜ್ಜಿ. ನಮ್ಮ ಕರಾವಳಿಯ ಬೂತಾಯಿಯ ದೂರದ ನೆಂಟ ಅದು. ಮೀನಿಗಿಂತ ಮಾತುಕತೆಯ ಕಡೆಗೇ ನನ್ನ ಒಲವು. 2010ರಲ್ಲಿ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದಾಗ, ನಂಟು-ಸ್ನೇಹ ಗಟ್ಟಿಯಿದ್ದವರು ಬದುಕುಳಿಯುವ ಸಾಧ್ಯತೆ ಶೇಕಡಾ 50ರಷ್ಟು ಜಾಸ್ತಿ ಕಂಡಿತ್ತು. ಹಾಗಂತ ಮಾತೇ ಮದ್ದು ಎಂದು ತೀರ್ಮಾನಿಸಲಾಗದು. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ಬೆರೆಯುತ್ತಾರೆ ಅನ್ನುವುದೂ ನಿಜ, ಅಲ್ವಾ?

2005ರ ಆಗಸ್ಟ್ 30ರಂದು ಅಜ್ಜಿ ತೀರಿಕೊಂಡರು. ಜಠರದ ಕ್ಯಾನ್ಸರ್ ಇತ್ತೆಂದು ಆಮೇಲೆ ತಿಳಿಯಿತು. ಮಾತಿನಂತೆ ದೇಹ ಪ್ರಯೋಗಾಲಯ ಸೇರಿತು. ಮಿದುಳನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲ್ಜೈಮರ್‌ನಲ್ಲಿ ನರಕೋಶಗಳ ನಡುವೆ ಜಿಗುಟು ಪ್ರೋಟೀನ್ ಗಂಟುಗಟ್ಟುತ್ತದೆ. ಇಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಎಣಿಸಿ ನೋಡಿದ ಭಾಗಗಳಲ್ಲಿ ನರಕೋಶಗಳ ಸಂಖ್ಯೆಯೂ 60-80 ವರ್ಷದವರಲ್ಲಿ ಇರುವಷ್ಟೇ.

ರಕ್ತದ ಕಥೆಯೇ ಬೇರೆ. 2014ರಲ್ಲಿ ಸಂಶೋಧಕಿ ಹೆನ್ನೆ ಹೋಲ್ಸ್ಟೆಖೆ ಮತ್ತು ಸಂಗಡಿಗರು ಅಜ್ಜಿಯ ರಕ್ತಕಣಗಳ ಜೀನ್‌ಗಳನ್ನು ಓದಿ ಪ್ರಕಟಿಸಿದರು. ನಮ್ಮ ಮೂಳೆಯ ಮಜ್ಜೆಯಲ್ಲಿ ರಕ್ತ ತಯಾರಿಸುವ ಕಾಂಡಕೋಶಗಳು ಸಾವಿರಗಟ್ಟಲೆ ಇರುತ್ತವೆ. ಒಡೆದು ಒಡೆದು ಹೊಸ ಕೋಶ ಹುಟ್ಟಿಸುವುದೇ ಅವುಗಳ ಕೆಲಸ. ಪ್ರತಿ ಸಲ ಒಡೆದಾಗಲೂ ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಚೂರು ಚೂರೇ ಸವೆಯುತ್ತದೆ, ಶೂ ಲೇಸಿನ ತುದಿ ಸವೆದಂತೆ. ಅಜ್ಜಿಯ ಮಿದುಳಿಗೆ ಹೋಲಿಸಿದರೆ ಅವರ ಬಿಳಿ ರಕ್ತಕಣಗಳ ಟೆಲೊಮಿಯರ್ 17 ಪಟ್ಟು ಗಿಡ್ಡವಾಗಿತ್ತು. ಮಿದುಳಿನ ನರಕೋಶಗಳು ಹೀಗೆ ಒಡೆಯುತ್ತಾ ಹೋಗುವುದಿಲ್ಲ, ಸವೆತವೂ ಇಲ್ಲ.

ರಕ್ತಕಣಗಳಲ್ಲಿ 400ಕ್ಕೂ ಹೆಚ್ಚು ಸಣ್ಣ ಜೀನ್ ಬದಲಾವಣೆಗಳೂ ಸಿಕ್ಕವು. ಅವು ತೊಂದರೆ ಕೊಟ್ಟಂತೆ ಕಾಣಲಿಲ್ಲ. ಆದರೆ ಅವುಗಳ ಜಾಡು ಹಿಡಿದು ಹೋದಾಗ ಒಂದು ಸಂಗತಿ ಬಯಲಾಯಿತು. ಅಜ್ಜಿಯ ಬಿಳಿ ರಕ್ತಕಣಗಳಲ್ಲಿ ಮೂರನೇ ಎರಡು ಭಾಗದಷ್ಟು ಬಂದಿದ್ದು ಬರೀ ಎರಡು ಕಾಂಡಕೋಶಗಳಿಂದ. ಉಳಿದವು ಹೆಚ್ಚೂಕಮ್ಮಿ ಸವೆದು ಹೋಗಿರಬೇಕು ಎಂಬುದು ಸಂಶೋಧಕರ ಊಹೆ. ಬಹುಪಾಲು ಆ ಎರಡೇ ಕೋಶಗಳ ದುಡಿಮೆಯ ಮೇಲೆ ಅಜ್ಜಿ ಬಂದವರ ಜೊತೆ ಆಯಾಕ್ಸ್ ಬಗ್ಗೆ ಹರಟುತ್ತಿದ್ದರು.