ಎಡ್ಜ್ ಸರ್ವರ್‌ನ ಪ್ರೊಸೆಸರ್: ಶಾಖದ ಲೆಕ್ಕದಿಂದ ಆರಂಭಿಸುವ ಅಧ್ಯಯನ ಟಿಪ್ಪಣಿ

ಮೊಬೈಲ್ ಗೋಪುರದ ಬುಡದಲ್ಲಿ, ರೈಲು ಬೋಗಿಯ ಒಳಗೆ, ಕಾರ್ಖಾನೆಯ ಯಂತ್ರದ ಪಕ್ಕದಲ್ಲಿ ಕೂತು, ಮಾಹಿತಿ ಹುಟ್ಟುವ ಜಾಗದಲ್ಲೇ ಅದನ್ನು ಸಂಸ್ಕರಿಸುವ ಚಿಕ್ಕ, ಗಟ್ಟಿಮುಟ್ಟಾದ ಸರ್ವರ್‌ಗಳನ್ನು ಎಡ್ಜ್ ಸರ್ವರ್ ಎಂದು ಕರೆಯುತ್ತಾರೆ. ಇವುಗಳ ಪ್ರೊಸೆಸರ್‌ಗಳ ಬಗ್ಗೆ ಓದಲು ಕೂತಾಗ ನಾನು ಮೊದಲು ನೋಡುತ್ತಿದ್ದುದು ಕೋರ್‌ಗಳ, ಅಂದರೆ ಪ್ರೊಸೆಸರ್‌ನೊಳಗೆ ಬೇರೆ ಬೇರೆಯಾಗಿ ಲೆಕ್ಕ ಮಾಡುವ ಘಟಕಗಳ, ಸಂಖ್ಯೆಯನ್ನು. ಕ್ರಮೇಣ ತಿಳಿದದ್ದೇನೆಂದರೆ, ಹವಾನಿಯಂತ್ರಿತ ಡೇಟಾ ಸೆಂಟರ್‌ನಲ್ಲಿ ಆ ಕ್ರಮ ನಡೆಯುತ್ತದೆ, ಆದರೆ ಬಯಲಿನಲ್ಲಿರುವ ಮುಚ್ಚಿದ ಪೆಟ್ಟಿಗೆಯಲ್ಲಿ ನಡೆಯುವುದಿಲ್ಲ. ಅಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಹುಟ್ಟಿದ ಶಾಖ ಹೊರಗೆ ಹೋಗುವುದು ಯಾವ ದಾರಿಯಲ್ಲಿ ಎಂಬುದು.

ಫ್ಯಾನ್ ಇಲ್ಲದ ಒಂದು ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಈ ದಾರಿ ಕಣ್ಣಿಗೇ ಕಾಣುತ್ತದೆ. ಪ್ರೊಸೆಸರ್‌ನ ಮೇಲೆ ತೆಳುವಾದ ಥರ್ಮಲ್ ಪೇಸ್ಟ್, ಅದರ ಮೇಲೆ ತಾಮ್ರದ ಅಥವಾ ಅಲ್ಯುಮಿನಿಯಂನ ದಪ್ಪ ತುಂಡು, ಆ ತುಂಡಿಗೆ ಒತ್ತಿಕೊಂಡ ಪೆಟ್ಟಿಗೆಯ ಗೋಡೆ, ಗೋಡೆಯ ಹೊರಮೈಯಲ್ಲಿ ಸಾಲಾಗಿ ಎದ್ದ ರೆಕ್ಕೆಗಳು, ಕೊನೆಗೆ ಹೊರಗಿನ ಗಾಳಿ. ಫ್ಯಾನ್ ಇಟ್ಟರೆ ದೂಳು ಒಳಗೆ ಬರುತ್ತದೆ, ಬೇರಿಂಗ್ ಸವೆಯುತ್ತದೆ, ಗೋಪುರದವರೆಗೆ ಹೋಗಿ ಅದನ್ನು ಬದಲಿಸುವವರು ಬೇಕಾಗುತ್ತದೆ. ಆದ್ದರಿಂದಲೇ ವಿನ್ಯಾಸಕಾರರು ಇಡೀ ಪೆಟ್ಟಿಗೆಯನ್ನೇ ಹೀಟ್ ಸಿಂಕ್ (ಶಾಖವನ್ನು ಹೀರಿ ಹೊರಗೆ ಬಿಡುವ ಭಾಗ) ಆಗಿ ಮಾಡುತ್ತಾರೆ. ಈ ದಾರಿಯ ಪ್ರತಿ ಹಂತವೂ ಶಾಖಕ್ಕೆ ಸ್ವಲ್ಪ ಅಡ್ಡಿ ಒಡ್ಡುತ್ತದೆ. ಅದಕ್ಕೆ ಉಷ್ಣ ರೋಧ ಎಂದು ಹೆಸರು. ಪ್ರತಿ ವ್ಯಾಟ್‌ಗೆ ಎಷ್ಟು ಡಿಗ್ರಿ ಏರುತ್ತದೆ ಎಂಬುದು ಅದರ ಅಳತೆ. ವಿದ್ಯುತ್ತಿನ ಓಮ್ ನಿಯಮ ಗೊತ್ತಿದ್ದವರಿಗೆ ಇದು ಹೊಸದಲ್ಲ: ವೋಲ್ಟೇಜ್ ಇದ್ದಲ್ಲಿ ತಾಪದ ವ್ಯತ್ಯಾಸವನ್ನೂ ಕರೆಂಟ್ ಇದ್ದಲ್ಲಿ ವ್ಯಾಟನ್ನೂ ಇಟ್ಟುಕೊಂಡರೆ ಸಾಕು.

ಈಗ ಒಂದು ಲೆಕ್ಕ ಮಾಡೋಣ. ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದು ನಮಗೆಲ್ಲ ಗೊತ್ತು. ಹೊರಗಿನ ಗಾಳಿ 45 ಡಿಗ್ರಿ, ನೇರ ಬಿಸಿಲಿನಿಂದ ಇನ್ನೂ 10 ಡಿಗ್ರಿ ಎಂದು ಹಿಡಿದರೆ ಆರಂಭದ ತಾಪ 55 ಡಿಗ್ರಿ ಸೆಲ್ಸಿಯಸ್. ಚಿಪ್‌ನ ಒಳತಾಪ 100 ಡಿಗ್ರಿ ದಾಟಬಾರದು ಎಂದಿಟ್ಟುಕೊಳ್ಳೋಣ. ಚಿಪ್‌ನಿಂದ ಗೋಡೆಯವರೆಗಿನ ರೋಧ ವ್ಯಾಟ್‌ಗೆ 0.2 ಡಿಗ್ರಿ, ಗೋಡೆಯಿಂದ ಗಾಳಿಗೆ 0.3 ಡಿಗ್ರಿ. ಮೆಮೊರಿ, ಎಸ್‌ಎಸ್‌ಡಿ, ವಿದ್ಯುತ್ ಪರಿವರ್ತಕ ಸೇರಿ 30 ವ್ಯಾಟ್ ಶಾಖವನ್ನು ಅದೇ ರೆಕ್ಕೆಗಳಿಗೆ ಕೊಡುತ್ತವೆ. (ರೋಧದ ಅಂಕಿಗಳು ಲೆಕ್ಕದ ಅನುಕೂಲಕ್ಕೆ ನಾನು ಆರಿಸಿಕೊಂಡವು.)

ಇಂಟೆಲ್‌ನ ಜಿಯಾನ್ ಡಿ-1746ಟಿಇಆರ್‌ಗೆ 10 ಕೋರ್‌ಗಳಿವೆ, ಟಿಡಿಪಿ (ಮೂಲ ವೇಗದಲ್ಲಿ ಪೂರ್ತಿ ಕೆಲಸ ಮಾಡುವಾಗ ಚಿಪ್ ಹೊರಹಾಕುವ ಶಾಖದ ಅಳತೆ) 67 ವ್ಯಾಟ್. ಗೋಡೆಯಿಂದ ಗಾಳಿಗೆ ಹೋಗುವ ಒಟ್ಟು 97 ವ್ಯಾಟ್‌ನಿಂದ 29.1 ಡಿಗ್ರಿ, ಚಿಪ್‌ನಿಂದ ಗೋಡೆಗೆ ಹೋಗುವ 67 ವ್ಯಾಟ್‌ನಿಂದ 13.4 ಡಿಗ್ರಿ ಏರುತ್ತದೆ. ಆರಂಭದ 55ಕ್ಕೆ ಇವೆರಡನ್ನೂ ಕೂಡಿದರೆ 97.5 ಡಿಗ್ರಿ. ಮಿತಿಯ ಒಳಗೇ ಇದೆ, ಆದರೆ ಕೂದಲೆಳೆಯ ಅಂತರದಲ್ಲಿ. ಇದೇ ಪೆಟ್ಟಿಗೆಯಲ್ಲಿ 20 ಕೋರ್‌ಗಳ, 118 ವ್ಯಾಟ್‌ನ ಡಿ-2796ಟಿಇ ಕೂರಿಸಿದರೆ ಲೆಕ್ಕ 123 ಡಿಗ್ರಿಗೆ ಹೋಗುತ್ತದೆ. ನಿಜದಲ್ಲಿ ಅಷ್ಟು ಬಿಸಿಯಾಗುವ ಮೊದಲೇ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಂಡು ಸುಮಾರು 72 ವ್ಯಾಟ್‌ಗೆ ಬಂದು ನಿಲ್ಲುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಿ: ರೆಕ್ಕೆಗಳ ನಡುವೆ ದೂಳು ಕಟ್ಟಿ 0.3 ಇದ್ದ ರೋಧ 0.4 ಆದರೆ, 67 ವ್ಯಾಟ್‌ನ ಚಿಪ್ ಕೂಡ 107 ಡಿಗ್ರಿಯ ಲೆಕ್ಕಕ್ಕೆ ಬಂದು, 55 ವ್ಯಾಟ್‌ಗೆ ಇಳಿಯಬೇಕಾಗುತ್ತದೆ. ಹೊಸದಾಗಿ ಕೂರಿಸಿದ ದಿನ ಪರೀಕ್ಷೆಯಲ್ಲಿ ಪಾಸಾದ ಸರ್ವರ್ ಎರಡನೇ ಬೇಸಿಗೆಯಲ್ಲಿ ನಿಧಾನವಾಗುವುದಕ್ಕೆ ಇಷ್ಟೇ ಸಾಕು.

ಹಾಗಾದರೆ 20 ಕೋರ್‌ಗಳ ಚಿಪ್ ವ್ಯರ್ಥವೇ? ಹಾಗೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಚಿಪ್ ಬಳಸುವ ಶಕ್ತಿ ವೇಗಕ್ಕೆ ಅನುಪಾತದಲ್ಲೂ ವೋಲ್ಟೇಜ್‌ನ ವರ್ಗಕ್ಕೆ ಅನುಪಾತದಲ್ಲೂ ಇರುವುದರಿಂದ, ಹೆಚ್ಚು ಕೋರ್‌ಗಳನ್ನು ಕಡಿಮೆ ವೋಲ್ಟೇಜ್‌ನಲ್ಲಿ ನಿಧಾನವಾಗಿ ಓಡಿಸಿದರೆ ಅಷ್ಟೇ ವ್ಯಾಟ್‌ಗೆ ಹೆಚ್ಚು ಕೆಲಸ ಆಗಬಹುದು. ಹತ್ತಾರು ಕ್ಯಾಮೆರಾಗಳ ಚಿತ್ರಗಳನ್ನು ಬೇರೆ ಬೇರೆ ಕೋರ್‌ಗಳಿಗೆ ಹಂಚುವಂಥ ಕೆಲಸಕ್ಕೆ ಇದು ಒಳ್ಳೆಯ ದಾರಿಯೇ. ಆದರೆ ಗಡುವು ಇರುವ ಕೆಲಸದಲ್ಲಿ ಮಾತು ಬೇರೆ. 5ಜಿ ಜಾಲದಲ್ಲಿ ಉಪವಾಹಕಗಳ (ಸಂಕೇತವನ್ನು ಹಂಚಿಕೊಂಡು ಸಾಗಿಸುವ ಕಿರು ಆವರ್ತನಗಳ) ಅಂತರ 30 ಕಿಲೋಹರ್ಟ್ಸ್ ಇದ್ದರೆ ಒಂದು ಸ್ಲಾಟ್‌ನ, ಅಂದರೆ ಮಾಹಿತಿ ಕಳಿಸಲು ಗೊತ್ತುಮಾಡಿದ ಕಾಲದ ತುಣುಕಿನ, ಅವಧಿ ಅರ್ಧ ಮಿಲಿಸೆಕೆಂಡ್. ಆ ಸಂಕೇತಗಳನ್ನು ಸಂಸ್ಕರಿಸುವ ಸರ್ವರ್‌ನ ಸರಾಸರಿ ವೇಗ ಎಷ್ಟೇ ಚೆನ್ನಾಗಿದ್ದರೂ, ಬಿಸಿಯಿಂದ ಒಂದು ಕ್ಷಣ ಹಿಂದೆ ಬಿದ್ದರೆ ಆ ಸ್ಲಾಟ್ ಕೈತಪ್ಪಿದಂತೆಯೇ. ಇಂಥಲ್ಲಿ ನಂಬಬೇಕಾದದ್ದು ಟರ್ಬೊ ವೇಗವನ್ನಲ್ಲ (ಅನುಕೂಲವಿದ್ದಾಗ ಚಿಪ್ ಸ್ವಲ್ಪ ಹೊತ್ತು ಏರಬಲ್ಲ ವೇಗ), ಟಿಡಿಪಿಯ ಜೊತೆ ನಮೂದಾಗಿರುವ ಮೂಲ ವೇಗವನ್ನು. ಟಿಡಿಪಿಯಷ್ಟು ಶಾಖವನ್ನು ಸಾಗಿಸಲಾಗದ ಪೆಟ್ಟಿಗೆಯಲ್ಲಿ ಆ ಮೂಲ ವೇಗಕ್ಕೂ ಖಾತರಿ ಇರುವುದಿಲ್ಲ.

ಶಾಖದ ದೃಷ್ಟಿಯಿಂದಲೇ ಜಿಯಾನ್ ಡಿ ಸರಣಿಯ ಬೆಳವಣಿಗೆಯೂ ಅರ್ಥವಾಗುತ್ತದೆ. 2015ರಲ್ಲಿ ಬಂದ ಡಿ-1500 ಪೀಳಿಗೆಯಲ್ಲಿ 10 ಗಿಗಾಬಿಟ್‌ನ ಎರಡು ಈಥರ್ನೆಟ್ ದ್ವಾರಗಳನ್ನು ಪ್ರೊಸೆಸರ್‌ನ ಜೊತೆಗೇ ಸೇರಿಸಲಾಯಿತು. 2018ರ ಡಿ-2100ದಲ್ಲಿ ಕೋರ್‌ಗಳು 18ರವರೆಗೆ ಏರಿದವು. 2022ರ ಡಿ-1700 ಮತ್ತು ಡಿ-2700 ಪೀಳಿಗೆಯಲ್ಲಿ ಜಾಲದ ಒಟ್ಟು ಸಾಮರ್ಥ್ಯ 100 ಗಿಗಾಬಿಟ್ ಮುಟ್ಟಿತು. ಪ್ರತ್ಯೇಕ ನೆಟ್‌ವರ್ಕ್ ಕಾರ್ಡ್ ಎಂದರೆ ಇನ್ನೊಂದು ಬಿಸಿ ಚಿಪ್, ಅದಕ್ಕೊಂದು ಶಾಖದ ದಾರಿ, ಅಲುಗಾಟಕ್ಕೆ ಸಡಿಲವಾಗಬಲ್ಲ ಇನ್ನೊಂದು ಸ್ಲಾಟ್. ಎಲ್ಲವನ್ನೂ ಒಂದೇ ಕಡೆ ಸೇರಿಸಿದರೆ ಇವೆಲ್ಲ ತಪ್ಪುತ್ತವೆ.

ಇದೇ ಕಾರಣಕ್ಕೆ ಈ ಸರಣಿಯ ಚಿಪ್‌ಗಳನ್ನು ಸಾಕೆಟ್‌ನಲ್ಲಿ ಕೂರಿಸದೆ ಬೋರ್ಡಿಗೇ ಬೆಸುಗೆ ಹಾಕುತ್ತಾರೆ. ರೈಲಿನ ಕುಲುಕಾಟವನ್ನು ಇದು ತಡೆದುಕೊಳ್ಳುತ್ತದೆ, ಎತ್ತರವೂ ಕಡಿಮೆಯಾಗುತ್ತದೆ. ಆದರೆ ಚಿಪ್ ಕೆಟ್ಟರೆ ಬೋರ್ಡನ್ನೇ ಬದಲಿಸಬೇಕು. ಈ ತೊಂದರೆಗೆ ಉದ್ಯಮ ಕಂಡುಕೊಂಡ ಉಪಾಯ, ಪ್ರೊಸೆಸರ್ ಮತ್ತು ಮೆಮೊರಿ ಇರುವ ಚಿಕ್ಕ ಮಾಡ್ಯೂಲನ್ನು ದ್ವಾರಗಳಿರುವ ತಳಬೋರ್ಡಿಗೆ ಸ್ಕ್ರೂಗಳಿಂದ ಬಿಗಿಯುವುದು. ಕಾಮ್ ಎಕ್ಸ್‌ಪ್ರೆಸ್ ಮಾನದಂಡದ ಬೇಸಿಕ್ ಮಾಡ್ಯೂಲ್ 125 ಮಿ.ಮೀ. ಉದ್ದ, 95 ಮಿ.ಮೀ. ಅಗಲ ಇರುತ್ತದೆ, ಅಂದರೆ ಅಂಗೈಗಿಂತ ತುಸು ದೊಡ್ಡದು. ಮುಂದಿನ ಪೀಳಿಗೆಗೆ ಹೋಗುವಾಗ ಮಾಡ್ಯೂಲನ್ನಷ್ಟೇ ಬದಲಿಸಿ, ತಳಬೋರ್ಡನ್ನೂ ಪೆಟ್ಟಿಗೆಯನ್ನೂ ಉಳಿಸಿಕೊಳ್ಳುವ ಅವಕಾಶ ಇದರಲ್ಲಿದೆ.

ಗಾಳಿ ಹಾಯಿಸಲು ಜಾಗವಿರುವ ಟೆಲಿಕಾಂ ಕೋಣೆಯಲ್ಲಾದರೆ ಆಯ್ಕೆ ಬದಲಾಗುತ್ತದೆ. 2023ರಲ್ಲಿ ಎಎಂಡಿ ತಂದ ಎಪಿಕ್ 8004 ಸರಣಿ ಸಾಕೆಟ್‌ನಲ್ಲಿ ಕೂರುತ್ತದೆ, 8ರಿಂದ 64 ಕೋರ್‌ಗಳವರೆಗೆ ಸಿಗುತ್ತದೆ. ಫ್ಯಾನ್ ಇಲ್ಲದ ನಮ್ಮ ಪೆಟ್ಟಿಗೆಗೆ ಅದರ 200 ವ್ಯಾಟ್‌ನ 64 ಕೋರ್‌ಗಳ ಮಾದರಿ ಆಗಿಬರುವುದಿಲ್ಲ ಎಂಬುದು ಮೇಲಿನ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಮೆಮೊರಿಯನ್ನು ಕಲಿಯುವವರು ಕಡೆಗಣಿಸುವುದೇ ಹೆಚ್ಚು. ಡಿಡಿಆರ್4 ಚಿಪ್‌ನ ಮೇಲ್ಮೈ ತಾಪ 85 ಡಿಗ್ರಿ ದಾಟಿದರೆ ಅದರ ರಿಫ್ರೆಶ್ ದರವನ್ನು (ಮಾಹಿತಿ ಅಳಿಯದಂತೆ ಮತ್ತೆ ಮತ್ತೆ ಬರೆದುಕೊಳ್ಳುವ ದರ) ಎರಡರಷ್ಟು ಮಾಡಬೇಕಾಗುತ್ತದೆ. ಪ್ರೊಸೆಸರ್ ತಣ್ಣಗಿದ್ದರೂ ಮೆಮೊರಿ ಮೂಲೆಯಲ್ಲಿ ಬೇಯುತ್ತಿದ್ದರೆ ಕೆಲಸ ಕುಂಟುತ್ತದೆ. ಒಂದು ಬಿಟ್‌ನ ತಪ್ಪನ್ನು ತಾನೇ ತಿದ್ದುವ ಇಸಿಸಿ ಮೆಮೊರಿಗೆ ಪ್ರೊಸೆಸರ್‌ನ ಬೆಂಬಲವಿದೆಯೇ ಎಂಬುದನ್ನೂ ಆರಿಸುವಾಗಲೇ ನೋಡಬೇಕು, ಏಕೆಂದರೆ ಈ ಸರ್ವರ್‌ಗಳ ಮುಂದೆ ಕೂತು ರೀಸ್ಟಾರ್ಟ್ ಮಾಡುವವರು ಯಾರೂ ಇರುವುದಿಲ್ಲ.

ಕಡೆಯದಾಗಿ, ಡೇಟಾ ಶೀಟ್‌ನಲ್ಲಿ ಮೈನಸ್ 40ರಿಂದ 85 ಡಿಗ್ರಿ ಎಂದು ಕಂಡಾಗ, ಆ ಅಂಕಿ ಹೊರಗಿನ ಗಾಳಿಯದೋ, ಚಿಪ್‌ನ ಕವಚದ್ದೋ, ಒಳಗಿನ ಸಿಲಿಕಾನ್‌ನದೋ ಎಂದು ಅಡಿಟಿಪ್ಪಣಿಯವರೆಗೂ ಓದಿ ಖಚಿತಪಡಿಸಿಕೊಳ್ಳಿ. ಕವಚದ 85 ಡಿಗ್ರಿಯನ್ನು ಗಾಳಿಯ 85 ಡಿಗ್ರಿ ಎಂದು ಓದಿಕೊಂಡರೆ ನಮ್ಮ ಲೆಕ್ಕದಲ್ಲಿ ಕವಚದಿಂದ ಗಾಳಿಯವರೆಗಿನ ರೋಧವೇ ಬಿಟ್ಟುಹೋಗುತ್ತದೆ, ಮತ್ತು ಆ ತಪ್ಪು ಏಪ್ರಿಲ್‌ನ ಒಂದು ಮಧ್ಯಾಹ್ನದವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.